ಗೊತ್ತಿದೆ, ಆದರೂ ಬೇಕು

ಒಲೆಯ ಮೇಲೆ ಬೇಳೆ, ಬಕೆಟ್ಟಿನಲ್ಲಿ ಹಿಂಡಿಟ್ಟ ಬಟ್ಟೆ, ಊಟದ ಮೇಜಿನ ತುದಿಯಲ್ಲಿ ತೆರೆದ ಲ್ಯಾಪ್‌ಟಾಪು. ಮೂರಕ್ಕೂ ಅವಳೊಬ್ಬಳೇ ದಿಕ್ಕು. ಸೆರಗಿಗೆ ಕೈ ಒರೆಸಿಕೊಂಡು ಅವಳು ಕುಳಿತಾಗ ಕತ್ತರಿಯ ಸಂದೇಶ ಆಗಲೇ ಬಂದು ಕಾಯುತ್ತಿತ್ತು.

"ಇಕ್ಕಳ, ಇವತ್ತು ಆ ಮಾತುಗಾರನ ಕಥೆ ಮುಗಿಸೋಣ. ಉಗ್ರಾಣದಿಂದ ಎತ್ತಿ ಆಚೆ ಹಾಕಿಬಿಡ್ತೀನಿ."

ಇಕ್ಕಳ ಅಂದರೆ ಅವಳೇ. ಬಿಸಿ ಪಾತ್ರೆಯಂಥ ಕೆಲಸಗಳನ್ನೆಲ್ಲ ಅವಳೇ ಎತ್ತಿ ಇಳಿಸುತ್ತಾಳೆಂದು ಬಳಗದವರು ಇಟ್ಟ ಹೆಸರು. ಕತ್ತರಿಯೂ ಅದೇ ಬಳಗದವನು. ಹಳೆಯದು ಕಂಡರೆ ಕತ್ತರಿಸದೆ ಅವನ ಕೈ ಸುಮ್ಮನಿರದು. ಇಬ್ಬರೂ ಮುಖಾಮುಖಿ ಕಂಡವರಲ್ಲ, ಆದರೆ ಅಣ್ಣ ತಂಗಿಯ ಹಾಗೆ ದಿನಾ ಜಗಳವಾಡುವವರು.

ಅವರದು ಲಿನಕ್ಸ್‌ನ ಬಳಗ. ಕಂಪ್ಯೂಟರನ್ನು ನಡೆಸುವ ಆ ವ್ಯವಸ್ಥೆಯನ್ನು ಒಂದೊಂದು ಬಳಗ ಒಂದೊಂದು ಬಗೆಯಲ್ಲಿ ಜೋಡಿಸಿ ಜನರಿಗೆ ಹಂಚುತ್ತದೆ. ಬೇಕಾದ ತಂತ್ರಾಂಶಗಳನ್ನೆಲ್ಲ ಪ್ಯಾಕೇಜು ಕಟ್ಟಿ ಒಂದು ದೊಡ್ಡ ಉಗ್ರಾಣದಲ್ಲಿ ಇಟ್ಟಿರುತ್ತದೆ. ಯಾರಿಗೆ ಏನು ಬೇಕೋ ಅವರು ಅದನ್ನು ಇಳಿಸಿಕೊಳ್ಳುತ್ತಾರೆ. ಸಂಬಳವಿಲ್ಲದೆ ಆ ಉಗ್ರಾಣ ಕಾಯುವವರಲ್ಲಿ ಅವಳೂ ಒಬ್ಬಳು. ಯಾವ ಡಬ್ಬಿಯಲ್ಲಿ ಹುಳ ಬಿದ್ದಿದೆ ಎಂದು ಸುದ್ದಿ ಬಂದರೂ ತೆಗೆದು ನೋಡಬೇಕು. ಆರಿಸಿ ಸ್ವಚ್ಛ ಮಾಡಲು ಬಂದರೆ ಸರಿ. ಬಾರದಿದ್ದರೆ ಡಬ್ಬಿಯ ಮೇಲೆ "ಇದರಲ್ಲಿ ಇಂಥ ದೋಷ ಇದೆ" ಎಂದು ಚೀಟಿ ಅಂಟಿಸಬೇಕು.

ಚೀಟಿ ಬಿದ್ದ ಪ್ಯಾಕೇಜು ತಾನಾಗಿ ಯಾರ ಕಂಪ್ಯೂಟರಿಗೂ ಹೋಗದು, ಮೊದಲೇ ಇದ್ದಲ್ಲೂ ಮುಂದಿನ ಅಪ್‌ಡೇಟಿಗೆ ಉಳಿಯದು. ಬೇಕೇಬೇಕು ಎನ್ನುವವರು ತಮ್ಮ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಆ ಪ್ಯಾಕೇಜಿನ ಹೆಸರು, ಆವೃತ್ತಿ ಎಲ್ಲ ಸೇರಿಸಿ ಒಂದು ಸಾಲು ಬರೆಯಬೇಕು. ಆ ಸಾಲಿನ ಅರ್ಥ ಇಷ್ಟೇ: ಗೊತ್ತಿದೆ, ಆದರೂ ಬೇಕು.

"ಆಚೆ ಹಾಕೋದು ಬೇಡಪ್ಪ," ಎಂದು ಅವಳು ಟೈಪಿಸಿದಳು. "ನೆಗಡಿ ಬಂತು ಅಂತ ಮೂಗೇ ಕೊಯ್ಕೊಳ್ತಾರಾ?"

"ಇದು ನೆಗಡಿ ಅಲ್ಲ ತಾಯಿ. ಬರೆದವನು ಕೈಬಿಟ್ಟು ವರ್ಷಗಳಾಯ್ತು. ನೀನೇ ಹೊಲಿಯೋಕೆ ಹೋಗಿ ಸೋತಿದ್ದೀಯ."

ಅದು ನಿಜ. ಮಾತುಗಾರ ಎಂಬುದು ಮಾತು ಕಳೆದುಕೊಂಡವರ ತಂತ್ರಾಂಶ. ನೀವು ಟೈಪಿಸಿದರೆ ಅದು ಗಟ್ಟಿಯಾಗಿ ಮಾತಾಡುತ್ತದೆ. ಯಾರ ಧ್ವನಿಯ ಕಡತ ಕೊಟ್ಟರೆ ಅವರ ಧ್ವನಿಯಲ್ಲಿ. ದೋಷ ಇದ್ದದ್ದು ಆ ಕಡತ ತೆರೆಯುವಲ್ಲೇ. ಕಡತದ ತಲೆಯಲ್ಲಿ ತನ್ನ ಉದ್ದ ಇಷ್ಟು ಎಂದು ಬರೆದಿರುತ್ತದೆ, ಮಾತುಗಾರ ಅದನ್ನು ಅಳೆದು ನೋಡದೆ ನಂಬಿಬಿಡುತ್ತದೆ. ಒಂದು ಸೇರು ಎಂದು ಹೇಳಿ ಹತ್ತು ಸೇರು ಸುರಿದರೆ ಪಾತ್ರೆ ತುಂಬಿ ಚೆಲ್ಲುವುದಿಲ್ಲವೇ? ಇಲ್ಲಿ ಚೆಲ್ಲಿದ್ದೇ ಅಪ್ಪಣೆಯಾಗಿ ನಡೆದು, ಕಂಪ್ಯೂಟರು ಕೇಡಿಗರ ಕೈಗೆ ಹೋಗಬಹುದು. ಅವಳು ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತಿತ್ತು, ಅಷ್ಟು ಜೀರ್ಣವಾಗಿತ್ತು ಅದು.

"ಚೀಟಿ ಅಂಟಿಸ್ತೀನಿ. ಬೇಕಾದವರು ತಿಳ್ಕೊಂಡು ಇಟ್ಕೊಳ್ಳಲಿ," ಎಂದಳು.

"ಸರಿ. ನಿನ್ನ ಮಾತಿಗೆ ಬೆಲೆ ಕೊಟ್ಟು ಕತ್ತರಿ ಮಡಚಿಟ್ಟೆ."

ಬೇಳೆ ಉಕ್ಕುವ ಸದ್ದು ಕೇಳಿ ಅವಳು ಓಡಿಹೋಗಿ ಉರಿ ಸಣ್ಣ ಮಾಡಿ ಬಂದಳು. ಅವಸರದಲ್ಲಿ, ಆ ಬಳಗದಲ್ಲಿ ಎಲ್ಲರೂ ಬರೆಯುವ ಹಾಗೆಯೇ ಒಂದು ಸಾಲು ಚೀಟಿ ಬರೆದಳು. "ಕಡತದ ತಲೆಭಾಗದ ಉದ್ದವನ್ನು ಪರಿಶೀಲಿಸದ ಕಾರಣ ಸ್ಮೃತಿ ಉಕ್ಕಿ ಹರಿದು, ಅನ್ಯ ಆದೇಶಗಳು ಕಾರ್ಯಗತವಾಗುವ ಸಂಭವವಿದೆ." ಅದನ್ನು ಉಗ್ರಾಣಕ್ಕೆ ಸೇರಿಸಿದಳು.

ಆಮೇಲೆ ಎದ್ದು ನಡುಮನೆಯಾಚೆಯ ಚಿಕ್ಕ ಕೋಣೆಗೆ ಹೋದಳು. ಅಲ್ಲಿ ಮಾವನ ಕಂಪ್ಯೂಟರು ಇತ್ತು. ಮಾವ ವಾಕಿಂಗ್‌ಗೆ ಹೋಗಿದ್ದರು. ಅವಳು ಕುರ್ಚಿಯ ಮೇಲಿನ ಶಾಲನ್ನು ಮಡಚಿ ಪಕ್ಕಕ್ಕಿಟ್ಟು, ಅವರ ಸೆಟ್ಟಿಂಗ್ಸ್ ತೆರೆದು, ಗೊತ್ತಿದೆ, ಆದರೂ ಬೇಕು ಎನ್ನುವ ಆ ಸಾಲನ್ನು ತಾನೇ ಬರೆದಳು. ಅವರಿಗ್ಯಾಕೆ ಈ ತಲೆನೋವು, ಇರುವ ನೋವೇ ಸಾಲದೇ ಎಂದುಕೊಂಡಳು. ಶಾಲನ್ನು ಮತ್ತೆ ಮೊದಲಿನ ಹಾಗೆಯೇ ಇಳಿಬಿಟ್ಟು ಬಟ್ಟೆ ಒಣಹಾಕಲು ಹೋದಳು.

*

ಮಾವ ಔಷಧಿ ಅಂಗಡಿ ಇಟ್ಟುಕೊಂಡಿದ್ದವರು. ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಜೀವಮಾನವೆಲ್ಲ ಮಾತಾಡಿದವರು. ಅಂಥವರಿಗೆ ಗಂಟಲಲ್ಲಿ ಗಡ್ಡೆ ಎದ್ದಿತು. ಧ್ವನಿಪೆಟ್ಟಿಗೆ ತೆಗೆಯದೆ ಗತಿಯಿಲ್ಲ ಎಂದರು ವೈದ್ಯರು.

ಆಪರೇಷನ್ನಿಗೆ ಮುಂಚೆ ಅವಳು ಅವರನ್ನು ಮೈಕಿನ ಮುಂದೆ ಕೂರಿಸಿ ಓದಿಸಿದ್ದಳು. ಪೇಪರ್ ಓದಿಸಿದಳು, ಮಗಳು ಪುಟ್ಟಿಯ ಶಾಲೆಯ ಪಾಠ ಓದಿಸಿದಳು. "ಬೈಗುಳಾನೂ ಹಾಕ್ಕೋಮ್ಮಾ, ಮುಂದೆ ಬೇಕಾಗುತ್ತೆ," ಎಂದು ಅವರು ಮಗನನ್ನು, ಅವಳ ಗಂಡನನ್ನು, ನೆನೆದು ಒಂದಿಷ್ಟು ಬೈದರು. ಶಿಫ್ಟ್ ಮುಗಿಸಿ ಬಂದ ಮಗ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡು ನಕ್ಕ. ನಡುನಡುವೆ ಕೆಮ್ಮು. ಬೇರೆ ಕೆಮ್ಮುಗಳನ್ನೆಲ್ಲ ಅವಳು ತೆಗೆದುಹಾಕಿದಳು. "ಆದರೆ", "ಆದರೂ" ಎನ್ನುವಲ್ಲಿ ಬರುವ ಒಂದು ಸಣ್ಣ ಕೆಮ್ಮು ಮಾತ್ರ ಹೋಗಲಿಲ್ಲ. ಮಾತಿಗೇ ಅಂಟಿಕೊಂಡಿತ್ತು. ಈಗ ಮಾವನ ಕಂಪ್ಯೂಟರು "ಆದರೆ" ಎಂದಾಗಲೆಲ್ಲ ಕೆಮ್ಮುತ್ತಿತ್ತು. ಪುಟ್ಟಿಗೆ ಅದು ಬಹಳ ಇಷ್ಟ. ಕಥೆ ಹೇಳುವಾಗ ಎಲ್ಲಾದರೂ "ಆದರೆ" ಹಾಕು ತಾತ ಎಂದು ಪೀಡಿಸುತ್ತಿದ್ದಳು.

ಹಾಗೆ ಮಾತುಗಾರನಿಂದಲೇ ಮಾತಾಡುವ ಇನ್ನಷ್ಟು ಜನ ಮಾವನಿಗೆ ಗೆಳೆಯರಾಗಿದ್ದರು. "ಗಂಟಲಿಲ್ಲದವರ ಸಂಘ" ಎಂದು ಹೆಸರಿಟ್ಟವರು ಮಾವನೇ. ವಾರಕ್ಕೊಮ್ಮೆ ವಿಡಿಯೋದಲ್ಲಿ ಸೇರಿ ಹರಟುತ್ತಿದ್ದರು. ಅವರದೊಂದು ಆಟವಿತ್ತು. ತಮ್ಮ ಧ್ವನಿಯ ಕಡತವನ್ನು ಒಬ್ಬರು ಇನ್ನೊಬ್ಬರಿಗೆ ಗುಟ್ಟಾಗಿ ಕಳಿಸುವುದು, ಅವರ ಮುಖ ಇವರ ಧ್ವನಿ ಮಾಡಿಕೊಂಡು ಉಳಿದವರನ್ನು ಬೇಸ್ತು ಬೀಳಿಸುವುದು. ಗಂಟಲು ಕಳೆದುಕೊಂಡವರು ಗಂಟಲು ಅದಲುಬದಲು ಮಾಡಿಕೊಂಡು ನಗುವುದನ್ನು ನೋಡಿದರೆ ಕರುಳು ತಂಪಾಗುತ್ತಿತ್ತು. ದೋಷವಿದ್ದದ್ದು ಕಡತ ತೆರೆಯುವಲ್ಲಿ. ಇವರು ಆಡುತ್ತಿದ್ದದ್ದು ಕಡತಗಳ ಆಟ. ಈ ಎರಡನ್ನೂ ಅವಳು ಒಟ್ಟಿಗೆ ಇಟ್ಟು ನೋಡಿರಲೇ ಇಲ್ಲ. ಒಂದು ಲ್ಯಾಪ್‌ಟಾಪಿನಲ್ಲಿತ್ತು, ಇನ್ನೊಂದು ಮನೆಯಲ್ಲಿತ್ತು.

*

ಚೀಟಿ ಅಂಟಿಸಿ ಕೆಲವು ದಿನ ಕಳೆದಿತ್ತು. ಮಧ್ಯಾಹ್ನ ಪಾತ್ರೆ ಉಜ್ಜುತ್ತಿದ್ದವಳಿಗೆ ಚಿಕ್ಕ ಕೋಣೆಯಿಂದ ಯಾರೋ ಹೆಂಗಸಿನ ಧ್ವನಿ ಕೇಳಿಸಿತು.

"ಏನಮ್ಮಾ, ಒಂದು ಲೋಟ ನೀರು ತರ್ತೀಯಾ? ಸೀರೆ ಉಟ್ಕೊಂಡು ನೀರಿಗೆ ಧುಮುಕೋಕಾಗಲ್ಲ!"

ಮನೆಯಲ್ಲಿ ಹೆಂಗಸೆಂದರೆ ಅವಳೊಬ್ಬಳೇ. ಸೋಪಿನ ಕೈಯಲ್ಲೇ ಹೋಗಿ ನೋಡಿದರೆ ಮಾವ ಮೈ ಕುಲುಕಿಸಿ ನಗುತ್ತಿದ್ದರು. ಸದ್ದಿಲ್ಲದ ನಗು, ಹೆಗಲು ಮಾತ್ರ ಕುಣಿಯುತ್ತಿತ್ತು.

"ಯಾರ ಧ್ವನಿ ಮಾವ ಇದು?"

ಮಾವ ಟೈಪಿಸಿದರು. ಹೆಂಗಸಿನ ಧ್ವನಿ ಹೇಳಿತು: "ಸಂಘಕ್ಕೆ ಹೊಸದಾಗಿ ಸೇರಿದ್ದಾರೆ. ಈಜು ಕಲಿಸ್ತಿದ್ದ ಮೇಡಂ ಅಂತೆ. ಕಡತ ಕಳಿಸಿದ್ರು, ತೆರೆದೆ."

"ಅಂತೆ?" ಎಂದಳು ಅವಳು. "ನೀವು ಅವರನ್ನ ನೋಡಿದ್ದೀರಾ?"

"ಇಲ್ಲ. ಮೇಲ್ ಬಂದಿತ್ತು."

ಅವಳು ಬಗ್ಗಿ ಮೇಜಿನ ಹಿಂದಿನ ಇಂಟರ್ನೆಟ್ ವೈರನ್ನು ಎಳೆದು ಕಿತ್ತಳು. ಸೋಪಿನ ನೊರೆ ಕೀಲಿಮಣೆಯ ಮೇಲೆ ಬಿತ್ತು. ಮಾವ ನಗುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದರು. ಔಷಧಿ ಚೀಟಿ ಹಿಡಿದು ಬಂದವರ ಮುಖ ನೋಡಿಯೇ ಮನೆಯ ಸಂಗತಿ ತಿಳಿಯುತ್ತಿದ್ದವರು ಅವರು.

"ಏನಾಯ್ತು ಮಗಳೇ?"

ಹೇಳದೆ ವಿಧಿಯಿರಲಿಲ್ಲ. ಅವಳು ದೋಷದ ಸಂಗತಿ ಹೇಳಿದಳು, ಚೀಟಿಯ ಸಂಗತಿ ಹೇಳಿದಳು. ಹೊರಗಿನವರ ಕಡತ ತೆರೆಯಬಾರದಿತ್ತು ಎಂದಳು. ಮಾವ ಸಮಾಧಾನವಾಗಿ ಕೇಳಿಸಿಕೊಂಡರು. ಕೊನೆಗೆ ಹೆಂಗಸಿನ ಧ್ವನಿಯನ್ನು ತೆಗೆದು ತಮ್ಮದನ್ನು ಹಾಕಿಕೊಂಡು ಕೇಳಿದರು.

"ಚೀಟಿ ಇದ್ರೆ ಪ್ಯಾಕೇಜು ಬರೋದಿಲ್ಲ ಅಂದ್ಯಲ್ಲ. ನನ್ನಲ್ಲಿ ಹೇಗೆ ಉಳೀತು?"

"ಅದಕ್ಕೊಂದು ಸಾಲು ಬರೀಬೇಕು ಮಾವ. ಗೊತ್ತಿದೆ, ಆದರೂ ಬೇಕು ಅಂತ."

"ಯಾರು ಬರೆದದ್ದು?"

"ನಾನೇ."

"ಯಾರಿಗೆ ಗೊತ್ತಿತ್ತು?"

ಅವಳು ತಲೆ ತಗ್ಗಿಸಿದಳು. "ನನಗೆ."

ಮಾವ ಕೀಲಿಮಣೆಯ ಮೇಲಿನ ನೊರೆಯನ್ನು ಒರೆಸಿದರು. ಆಮೇಲೆ ಒಂದೊಂದೇ ಅಕ್ಷರ ಒತ್ತಿದರು. "ಗಂಟಲು ತೆಗೆಯೋ ದಿನ ಡಾಕ್ಟ್ರು ಕಾಗದ ತಂದ್ರು. ನಿನ್ನ ಗಂಡ ನಾನು ಸಹಿ ಹಾಕ್ತೀನಿ ಅಂದ. ಬೇಡ ಅಂದೆ. ಏನು ಹೋಗುತ್ತೆ ಏನು ಉಳಿಯುತ್ತೆ ಎಲ್ಲಾ ಕೇಳಿ, ನಾನೇ ಹಾಕಿದೆ. ಹೆದರಿಕೆ ಇತ್ತು. ಆದರೆ," ಯಂತ್ರ ಸಣ್ಣಗೆ ಕೆಮ್ಮಿತು, "ನಾನೇ ಹಾಕಿದೆ."

ಅಷ್ಟು ಹೇಳಿ ಕಂಪ್ಯೂಟರನ್ನು ಆರಿಸಿಬಿಟ್ಟರು.

*

ಮಾವ ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಪುಟ್ಟಿಯ ಸ್ಲೇಟು ತೆಗೆದುಕೊಂಡು "ನೀರು", "ಸಾಕು", "ಊಟ ಚೆನ್ನಾಗಿತ್ತು" ಎಂದು ಬರೆದು ತೋರಿಸತೊಡಗಿದರು. ಊಟ ಚೆನ್ನಾಗಿತ್ತು ಎಂಬುದಂತೂ ಚೂರಿಯ ಹಾಗೆ ನಾಟಿತು. ಎಂದೂ ಹಾಗೆ ಹೊಗಳಿದವರಲ್ಲ. ಉಪ್ಪು ಕಮ್ಮಿ, ಖಾರ ಜಾಸ್ತಿ ಎಂದು ರೇಗಿಸುತ್ತಲೇ ಎರಡು ಸಲ ಹಾಕಿಸಿಕೊಳ್ಳುವವರು.

ಅವಳು ಆ ಕಡತವನ್ನು ಜೋಪಾನವಾಗಿ ಎತ್ತಿ ಕತ್ತರಿಗೆ ಕಳಿಸಿದಳು. ಅವನು ಬಿಚ್ಚಿ, ಅಳೆದು, ಸುರಿದು ನೋಡಿದ.

"ಏನೂ ಇಲ್ಲ. ಶುದ್ಧ ಧ್ವನಿ. ಪಾಪ, ನಿಜವಾಗ್ಲೂ ಈಜು ಕಲಿಸೋ ಮೇಡಮ್ಮೇ ಇರಬೇಕು. ಮುಕ್ಕಾಲು ಪಾಲು 'ಕಾಲು ಬಡೀರಿ, ಕಾಲು ಬಡೀರಿ' ಅಂತಾನೇ ಇದೆ. ನಿನ್ನ ಅದೃಷ್ಟ."

"ಅದೃಷ್ಟ ಅಲ್ವಾ?"

"ಬರೀ ಅದೃಷ್ಟ," ಎಂದ ಕತ್ತರಿ. ಆಮೇಲೆ ಏನನ್ನಿಸಿತೋ, "ನನ್ನಮ್ಮನ ಕಂಪ್ಯೂಟರಿಗೂ ನಾನೇ ಎಲ್ಲ ಬರೀತೀನಿ. ಒಂದಿನಾನೂ ಕೇಳಿಲ್ಲ," ಎಂದು ಸೇರಿಸಿದ.

ವೈರನ್ನು ಮತ್ತೆ ಜೋಡಿಸಿ, ಕಡತದಲ್ಲಿ ಕೇಡೇನೂ ಇರಲಿಲ್ಲ ಎಂದು ಮಾವನಿಗೆ ಹೇಳಿದಳು. ಮಾವ ತಲೆಯಾಡಿಸಿ ಸ್ಲೇಟಿನಲ್ಲಿ ಬರೆದರು: "ಚೀಟಿ ತೋರಿಸು."

ಅವಳು ತನ್ನ ಒಂದು ಸಾಲಿನ ಚೀಟಿ ತೆರೆದು ತೋರಿಸಿದಳು. ಮಾವ ಕನ್ನಡಕ ಮೇಲೇರಿಸಿ ಓದಿದರು, ಕೆಳಗಿಳಿಸಿ ಓದಿದರು. ಸ್ಲೇಟು ಒರೆಸಿ ಬರೆದರು: "ಸ್ಮೃತಿ ಉಕ್ಕಿ ಹರಿಯೋದು ಯಾರಿಗೆ? ಮುದುಕರಿಗಾ?"

ಅವಳಿಗೆ ನಗು ಬಂತು, ಅಳುವೂ ಬಂತು.

ಮಾವ ಫೋನಿನಲ್ಲಿ ಸಂಘದವರಿಗೆಲ್ಲ ಒಂದು ಸಂದೇಶ ಹಾಕಿದರು. ನಿಮ್ಮ ಕಂಪ್ಯೂಟರಿನಲ್ಲೂ ಈ ಚೀಟಿ ಬಂತೇ, ಏನು ಮಾಡಿದಿರಿ? ಸಂಜೆಯೊಳಗೆ ಉತ್ತರಗಳು ಬಂದವು. ಎಲ್ಲರಿಗೂ ಬಂದಿತ್ತು. ಅಪ್‌ಡೇಟ್ ಅರ್ಧಕ್ಕೆ ನಿಂತು ಕೆಂಪಕ್ಷರ ಬಂದಿತ್ತು. ಕೆಂಪಕ್ಷರದ ಕೊನೆಯಲ್ಲಿ, ಮುಂದುವರಿಯಬೇಕಿದ್ದರೆ ಈ ಸಾಲನ್ನು ನಿಮ್ಮ ಸೆಟ್ಟಿಂಗ್ಸ್‌ಗೆ ಸೇರಿಸಿ ಎಂದು ಆ ಸಾಲನ್ನೂ ಬರೆದುಕೊಟ್ಟಿತ್ತು. ಎಲ್ಲರೂ ಅದನ್ನೇ ನಕಲು ಮಾಡಿ ಅಂಟಿಸಿದ್ದರು. ಒಬ್ಬ ನಿವೃತ್ತ ಎಂಜಿನಿಯರಂತೂ, "ಅದೇ ಕೊಟ್ಟ ಸಾಲು, ಅದೇ ಕೇಳಿದ ಜಾಗ. ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ?" ಎಂದಿದ್ದ.

ಅವಳು ಒಂದೊಂದನ್ನೂ ಓದಿದಳು. ಒಬ್ಬರಿಗೂ ಏನೂ ಗೊತ್ತಿರಲಿಲ್ಲ, ಎಲ್ಲರೂ ಗೊತ್ತಿದೆ ಎಂದು ಬರೆದಿದ್ದರು. ಬರೆಸಿದ್ದು ತನ್ನ ಚೀಟಿ. ಮಾವನ ವಿಷಯದಲ್ಲಿ ತಾನೊಬ್ಬಳೇ ತಪ್ಪಿದೆ ಎಂದುಕೊಂಡಿದ್ದಳು. ಈಗ ನೋಡಿದರೆ ಇಡೀ ಸಂಘದ ಸಹಿಯನ್ನು ತಾನೇ ಹಾಕಿದ ಹಾಗಾಗಿತ್ತು.

"ಮಾವ," ಎಂದಳು ಮೆಲ್ಲಗೆ, "ಅಂಗಡಿಯಲ್ಲಿ ನೀವು ಜನಕ್ಕೆ ಹೇಗೆ ಹೇಳ್ತಿದ್ರಿ?"

ಮಾವ ಅವಳತ್ತ ನೋಡಿದರು. ಸ್ಲೇಟು ಸಾಲದಾಯಿತು. ಮೇಜಿನ ಮೇಲಿದ್ದ ಹಳೆಯ ಪೇಪರಿನ ಅಂಚಿನಲ್ಲಿ ಬರೆಯಲು ಶುರು ಮಾಡಿದರು. ಡಬ್ಬಿಯಲ್ಲಿ ಬರುವ ಕಾಗದ ಯಾರೂ ಓದೋದಿಲ್ಲ. ಯಾರು ತಗೋಬಾರದು, ಅದನ್ನ ಮೊದಲು ಹೇಳು. ಯಾವುದರ ಜೊತೆ ತಗೋಬಾರದು, ಅದು ಆಮೇಲೆ. ಏನಾದ್ರೆ ನಿಲ್ಲಿಸಬೇಕು, ಅದು ಕೊನೆಗೆ. ಹೆದರಿಸಬೇಡ, ಮುಚ್ಚಿಡಬೇಡ. ಕೇಳಿದವನು ಮನೆಗೆ ಹೋಗಿ ಹೆಂಡತಿಗೆ ತನ್ನ ಮಾತಲ್ಲೇ ಹೇಳೋ ಹಾಗಿರಬೇಕು.

ಅಲ್ಲಿಂದ ಇಬ್ಬರೂ ಕುಳಿತರು. ಅವಳು ಬರೆಯುವುದು, ಅವರು ಗೀಟು ಹಾಕುವುದು. "ಅನ್ಯ ಆದೇಶ" ಹೋಯಿತು, "ಸಂಭವವಿದೆ" ಹೋಯಿತು. ನಡುವೆ ಪುಟ್ಟಿ ಬಂದು ಹಸಿವು ಎಂದಳು, ಅವಳಿಗೆ ತಟ್ಟೆ ಹಾಕಿಕೊಟ್ಟು ಬಂದು ಮತ್ತೆ ಕುಳಿತಳು. ಕೊನೆಗೆ ಚೀಟಿ ಹೀಗಾಯಿತು:

"ಬೇರೆಯವರು ಕಳಿಸಿದ ಧ್ವನಿ ಕಡತ ತೆರೆಯುವವರು ಈ ಮಾತುಗಾರನನ್ನು ಇಟ್ಟುಕೊಳ್ಳಬೇಡಿ. ಕೆಟ್ಟ ಕಡತವೊಂದು ಬಂದರೆ ನಿಮ್ಮ ಕಂಪ್ಯೂಟರು ಇನ್ನೊಬ್ಬರ ಕೈಗೆ ಹೋಗಬಹುದು, ಹೋದದ್ದು ನಿಮಗೆ ತಿಳಿಯದೆಯೂ ಇರಬಹುದು. ನಿಮ್ಮದೇ ಧ್ವನಿಯನ್ನು, ನೀವೇ ಮಾಡಿದ ಕಡತದಿಂದ ಮಾತ್ರ ಬಳಸಿದರೆ ಅಪಾಯ ತೀರ ಕಡಿಮೆ. ಇದನ್ನು ಸರಿಪಡಿಸುವವರು ಈಗ ಯಾರೂ ಇಲ್ಲ. ಬದಲಿಗೆ ಹೊಸ ತಂತ್ರಾಂಶ ಇದೆ, ಅದರಲ್ಲಿ ಈ ದೋಷವಿಲ್ಲ. ಆದರೆ ಅದು ನಿಮ್ಮ ಹಳೆಯ ಧ್ವನಿಯನ್ನು ಓದಲಾರದು. ಯೋಚಿಸಿ, ಆಮೇಲೆ ಬರೆಯಿರಿ."

ಬಳಗಕ್ಕೆ ಕಳಿಸಿದಳು. ಕತ್ತರಿ ಕೂಡಲೇ ರೇಗಿಸಿದ. "ಇದೇನು ಚೀಟಿಯೋ, ಮಗಳನ್ನ ಗಂಡನ ಮನೆಗೆ ಕಳಿಸೋ ತಾಯಿಯ ಬುದ್ಧಿವಾದವೋ?"

"ಬೇಡ ಅಂದ್ರೆ ಹೇಳು."

"ಬೇಡ ಅಂದವರಾರು? ಹಾಕಿದೆ. ಅಮ್ಮನಿಗೂ ಓದಿ ಹೇಳಿದೆ. ಒಂದೇ ಸಲಕ್ಕೆ ಅರ್ಥವಾಯ್ತಂತೆ. 'ನಿನ್ನ ಮಾತು ಒಂದೂ ಹೀಗಿರಲ್ವಲ್ಲೋ' ಅಂತ ಬೈಸಿಕೊಂಡೆ."

*

ಮಾವನ ಕಂಪ್ಯೂಟರಿನಿಂದ ಅವಳು ತಾನು ಬರೆದ ಸಾಲನ್ನು ಅವರೆದುರಿಗೇ ಅಳಿಸಿದಳು. ಈಗ ಅಲ್ಲಿ ಮಾತುಗಾರ ಇರಲಿಲ್ಲ. ಬದಲಿಗೆ ಹೊಸ ತಂತ್ರಾಂಶ ಹಾಕಿಕೊಟ್ಟಳು. "ಇದನ್ನೂ ನೋಡಿ ಮಾವ. ಯಾವುದು ಅಂತ ನೀವೇ ಹೇಳಿ," ಎಂದು ಹೊರಗೆ ಬಂದಳು. ಬಾಗಿಲ ಹೊರಗೆ ನಿಲ್ಲಬಾರದೆಂದು ಅಡುಗೆಮನೆಗೆ ಹೋದಳು. ಕಿವಿ ಮಾತ್ರ ಅಲ್ಲೇ ಉಳಿಯಿತು.

ಹೊಸ ಧ್ವನಿ ನುಣುಪಾಗಿತ್ತು, ಎಲ್ಲೂ ತಡವರಿಸುತ್ತಿರಲಿಲ್ಲ. ಸಂಜೆ ಅದು ಪುಟ್ಟಿಗೆ ನರಿಯ ಕಥೆ ಹೇಳಿತು. "ನರಿ ಬಂತು. ಆದರೆ ದ್ರಾಕ್ಷಿ ಸಿಗಲಿಲ್ಲ." ಪುಟ್ಟಿ ಕೆಮ್ಮಿಗಾಗಿ ಕಾದಳು. ಬರಲಿಲ್ಲ.

"ತಾತ, ಇದು ಬ್ಯಾಂಕಿನಿಂದ ಫೋನ್ ಮಾಡ್ತಾರಲ್ಲ, ಅವರು," ಎಂದಳು.

ಮಾವ ನಕ್ಕು ಅವಳ ತಲೆ ಸವರಿದರು. ಮರುದಿನವೂ ಹೊಸ ಧ್ವನಿಯಲ್ಲೇ ಮಾತಾಡಿದರು. ಅದರ ಮರುದಿನವೂ. ಯಾವುದು ಬೇಕೆಂದು ಸೊಸೆ ಒಂದು ಮಾತೂ ಕೇಳಲಿಲ್ಲ. ಕೇಳಿದರೆ ತನ್ನ ಆಸೆ ಬಾಯಿಗೆ ಬಂದುಬಿಡುತ್ತದೆಂದು ತುಟಿ ಕಚ್ಚಿಕೊಂಡಳು. ಆ ಕೆಮ್ಮಿನ ಧ್ವನಿ ಇನ್ನು ಈ ಮನೆಯಲ್ಲಿ ಕೇಳದೇ ಹೋಗಬಹುದು, ಹೋದರೆ ಅದು ಅವರ ಇಷ್ಟ ಎಂದು ಬಟ್ಟೆ ಮಡಚುವಾಗ, ತರಕಾರಿ ಹೆಚ್ಚುವಾಗ ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಕೇಳಲಿಲ್ಲ.

ಸಂಘ ಸೇರುವ ದಿನ ಬಂತು. ಮಾವ ನುಣುಪು ಧ್ವನಿಯಲ್ಲೇ ಎಲ್ಲರಿಗೂ ಚೀಟಿ ಓದಿ ಹೇಳಿದರು. ಕಡತ ಕಳಿಸುವ ಆಟ ಇನ್ನು ಬೇಡ ಎಂದರು. ಎಲ್ಲರ ಮುಖ ಬಾಡಿತು. ಈಜಿನ ಮೇಡಂ, ಅವರೂ ಆ ದಿನ ಮುಖ ತೋರಿಸಿದ್ದರು, ದುಂಡು ಮುಖದ ನಗುಮೊಗದ ಹೆಂಗಸು, "ನಾನು ಬಂದ ಗಳಿಗೆಯೇ ಸರಿ ಇಲ್ಲ," ಎಂದರು.

"ಗಳಿಗೆಗೇನಾಗಿದೆ ಮೇಡಂ?" ಎಂದರು ಮಾವ. "ಮಾತು ಮಾತ್ರ ಕಳಿಸೋಣ. ನಾನು ಹೇಳಬೇಕಾದ್ದನ್ನ ನಿಮಗೆ ಬರೆದು ಕಳಿಸ್ತೀನಿ. ನಿಮ್ಮ ಯಂತ್ರ ನಿಮ್ಮ ಧ್ವನೀಲಿ ಹೇಳಲಿ. ಯಾರ ತಲೆಹರಟೆ ಅಂತ ಉಳಿದವರು ಹುಡುಕಲಿ. ಧ್ವನಿ ಅವರವರ ಮನೇಲೇ ಇರಲಿ."

ಎಂಜಿನಿಯರು ಚಪ್ಪಾಳೆ ಹೊಡೆದ.

ಸಂಘ ಮುಗಿದ ಮೇಲೆ ಮಾವ ಅವಳನ್ನು ಕರೆದರು. ಬಾಗಿಲು ಬಡಿದು ಕರೆದರು, ಯಂತ್ರದಿಂದಲ್ಲ. ಪಕ್ಕದ ಸ್ಟೂಲು ತೋರಿಸಿದರು. ಅವಳು ಕುಳಿತಳು. ಸೆಟ್ಟಿಂಗ್ಸ್ ತೆರೆದಿತ್ತು. ಸಾಲು ಎಲ್ಲಿ ಬರೆಯಬೇಕು ಎಂದು ಬೆರಳು ತೋರಿಸಿ ಕೇಳಿದರು. ಅವಳು ಜಾಗ ತೋರಿಸಿದಳು, ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಮಾವ ಆ ಸಾಲನ್ನು ನಕಲು ಮಾಡಿ ಅಂಟಿಸಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಆವೃತ್ತಿಯ ಅಂಕಿ ಬಂದಾಗ ತಿರುಗಿ ನೋಡಿ ಹುಬ್ಬೇರಿಸಿದರು.

"ಈ ಆವೃತ್ತಿಗೆ ಮಾತ್ರ ಮಾವ," ಎಂದಳು. "ನಾಳೆ ಆವೃತ್ತಿ ಬದಲಾದ್ರೆ ಇದು ನಡೆಯಲ್ಲ. ಇನ್ನೊಂದು ಸಲ ಯೋಚನೆ ಮಾಡಿ ಬರೀಬೇಕು."

ಮಾವ ಮೆಚ್ಚಿ ತಲೆಯಾಡಿಸಿದರು. ಔಷಧಿ ಚೀಟಿಗೂ ಗಡುವು ಇರಬೇಕು ಎಂದು ಅಂಗಡಿಯಲ್ಲಿ ಜಗಳವಾಡುತ್ತಿದ್ದವರು ತಾನೇ. ಸಾಲಿನ ಮೇಲೆ ತಮಗಾಗಿ ಒಂದು ಟಿಪ್ಪಣಿಯನ್ನೂ ಬರೆದರು: "ನನ್ನ ಧ್ವನಿ ಮಾತ್ರ. ಯಾರು ಕಳಿಸಿದರೂ ತೆರೆಯಕೂಡದು, ಸೊಸೆ ಕಳಿಸಿದರೂ."

ಅವಳು ನಕ್ಕಳು. ಪರದೆ ಮಂಜುಮಂಜಾಗಿ ಕಂಡಿತು.

ಉಗ್ರಾಣದಿಂದ ಮಾತುಗಾರ ಇಳಿದು ಬಂದು ಕೂತಿತು. ಮಾವ ತಮ್ಮ ಕಡತ ತೆರೆದು, ಕೀಲಿಮಣೆಯ ಮೇಲೆ ಬೆರಳಿಟ್ಟರು.

"ಗೊತ್ತಿದೆ," ಎಂದಿತು ಅವರದೇ ಧ್ವನಿ. "ಆದರೂ," ಎಂದು ಸಣ್ಣಗೆ ಕೆಮ್ಮಿತು, "ಬೇಕು."

ಹೊರಗಿನಿಂದ ಪುಟ್ಟಿ ಓಡಿಬರುವ ಸದ್ದು ಕೇಳಿಸಿತು. ಅವಳು ಬರುವ ಮುಂಚೆ ಮಾವ ಅವಸರವಾಗಿ ಇನ್ನೊಂದು ಸಾಲು ಟೈಪಿಸಿದರು.

"ಏನಮ್ಮಾ, ಇಲ್ಲಿ ಕೂತು ಕಣ್ಣೊರೆಸ್ಕೊಳ್ತಾ ಇರು. ಅಲ್ಲಿ ಬೇಳೆ ಸೀದು ಹೋಗ್ತಿದೆ. ನಿನ್ನೆಯೂ ಉಪ್ಪು ಕಮ್ಮಿ ಇತ್ತು."